ಎರಡನೆಯ ಲೋಟ

ನಿಧಾನವಾಗಿ ಉರುಳಿ ಬಂದ ಚೆಂಡು ಗೋಲ್‌ಕೀಪರ್ ಹೃಷೀಕೇಶನ ಕೈಯ ಪಕ್ಕದಿಂದಲೇ ಗೋಲಿನೊಳಗೆ ಹೋದಾಗ ವಸಂತಿ ಟೀಚರ್ ಕಣ್ಣು ಮುಚ್ಚಿಕೊಂಡರು. ಇದು ಎರಡನೆಯ ಗೋಲು. ಆಗಲೇ ಅರ್ಧ ಆಟ ಮುಗಿದ ಸೀಟಿ ಕೇಳಿಸಿತು.

"ಎಂತ ಟೀಚರೇ, ನಿಮ್ಮ ಗೋಲಿ ನಿದ್ದೆ ಮಾಡ್ತಾನಾ?" ಪಕ್ಕದಲ್ಲಿ ಕುಳಿತು ಆಟ ನೋಡುತ್ತಿದ್ದ ವಿಠಲ ಟ್ರಾನ್ಸಿಸ್ಟರನ್ನು ಕಿವಿಯಿಂದ ತೆಗೆದು ನಕ್ಕ. "ಸೆಮಿಫೈನಲ್ ಇಲ್ಲಿಗೇ ಮುಗಿಯಿತು, ಅಲ್ವಾ?"

ಕಾಲೇಜಿನ ಪ್ರತಿ ಮ್ಯಾಚಿಗೂ ಕಡಿಯಾಳಿಯಿಂದ ಪುನರ್ಪುಳಿ ಶರಬತ್ತು ಹೊತ್ತು ತರುವವರು ವಸಂತಿ. ಇವತ್ತು ಬಯ್ಯಬೇಕೆಂದೇ ಮೈದಾನಕ್ಕಿಳಿದರು. "ಅಷ್ಟು ಸುಲಭದ ಚೆಂಡು, ಹೃಷಿ?"

"ಯಾವುದನ್ನು ಹಿಡಿಯುವುದು ಅಂತ ಗೊತ್ತಾಗಲಿಲ್ಲ ಟೀಚರ್," ಎಂದು ಅವನು ಹಣೆ ಒತ್ತಿಕೊಂಡ. ಮೊದಲ ಗೋಲು ತಡೆಯಲು ಹಾರಿದಾಗ ಅವನ ತಲೆ ಗೋಲಿನ ಕಂಬಕ್ಕೆ ಬಡಿದಿತ್ತು. ನೆಪ ಹೇಳುತ್ತಿದ್ದಾನೆ ಎಂದುಕೊಂಡ ವಸಂತಿ ಲೋಟ ತುಂಬಿಸಿದರು. ಮೊದಲ ಲೋಟವನ್ನು ಅವನು ಯಾವತ್ತೂ ತಾನು ಕುಡಿದವನಲ್ಲ. ಎದುರು ತಂಡದ ಗೋಲಿಯನ್ನು ಕರೆದು ಕೊಡುವುದು ಅವನ ರೂಢಿ. ಇವತ್ತೂ ಕಾರ್ಕಳ ತಂಡದ ಹುಡುಗನನ್ನು ಕರೆದು ಕೊಟ್ಟ. ಆಮೇಲೆ ತನಗೆಂದು ತುಂಬಿಸಿದ ಲೋಟವನ್ನೂ ಎತ್ತಿ, ಆ ಹುಡುಗನ ಪಕ್ಕಕ್ಕೆ ಚಾಚಿದ.

"ನೀನೂ ತಗೋ ಮಾರಾಯ, ನಾಚಿಕೆ ಎಂತಕ್ಕೆ? ನಿನ್ನ ಜೊತೆಯವ ಕುಡಿಯುತ್ತಿದ್ದಾನಲ್ಲ."

ಅಲ್ಲಿ ಎರಡನೆಯವ ಯಾರೂ ಇರಲಿಲ್ಲ. ಕಾರ್ಕಳದ ಹುಡುಗ ಕುಡಿಯುವುದನ್ನು ನಿಲ್ಲಿಸಿ ವಸಂತಿಯವರ ಮುಖ ನೋಡಿದ. ಹೃಷೀಕೇಶ, ಆ ಇನ್ನೊಬ್ಬ ಹಿಡಿದುಕೊಂಡನೆಂಬಂತೆ, ನಗುತ್ತಲೇ ಕೈ ಬಿಟ್ಟ. ಲೋಟ ಬಿದ್ದು, ಕೆಂಪು ಶರಬತ್ತು ಮಣ್ಣಿನಲ್ಲಿ ಹರಡಿತು.

ಮತ್ತೆ ಸೀಟಿ ಕೇಳಿಸಿತು. ಗೋಲಿನತ್ತ ಹೊರಟವನ ಜರ್ಸಿಯನ್ನು, ಆ ಕಂಬದ ಪೆಟ್ಟು ನೆನಪಾಗಿ, ವಸಂತಿ ಹಿಂದಿನಿಂದ ಎರಡೂ ಕೈಗಳಲ್ಲಿ ಹಿಡಿದುಕೊಂಡರು.