ಓಟಿನ ದಿನದ ಮದುವೆ

“ನಿಲ್ಲಿಸಿ ಪಾದ್ರಿಗಳೇ! ಹೊತ್ತು ಮುಳುಗೋವರೆಗೂ ಈ ಮದುವೆ ಆಗಕೂಡ್ದು!”

ಫೆಡರಲ್ ಪಕ್ಷದ ಅಬೈಜಾ ಕ್ರೇನ್ ಕೂಗುತ್ತ ಚರ್ಚಿನೊಳಗೆ ನುಗ್ಗಿದಾಗ ವಿಧವೆ ಕೆತೂರಾಳ ಕೈ ನೇಕಾರ ಟ್ಯೂನಿಸನ ಕೈಯಲ್ಲಿತ್ತು. ಪಾದ್ರಿ ಪ್ರಶ್ನೆ ಕೇಳಿಯಾಗಿತ್ತು. ಅವಳು ‘ಹೂಂ’ ಅನ್ನುವುದೊಂದೇ ಬಾಕಿ.

ಮುಂದಿನ ಬೆಂಚಿನಿಂದ ಸೈಲಸ್ ಡಾಡ್ ಎದ್ದ. ಅವನು ಹೊಸದಾಗಿ ಹುಟ್ಟಿದ ರಿಪಬ್ಲಿಕನ್ ಪಕ್ಷದವನು. ಮದುವೆಗೆ ದಿನ ಗೊತ್ತುಮಾಡಿದವನೂ ಹೊರಗೆ ಗಾಡಿ ಕಟ್ಟಿಸಿ ನಿಲ್ಲಿಸಿದವನೂ ಅವನೇ. “ಬೇಗ ಮುಗಿಸಿ ಪಾದ್ರಿಗಳೇ, ಮದುಮಗ ಓಟು ಹಾಕೋಕೆ ಹೋಗ್ಬೇಕು.”

ಆಗ ನಮ್ಮ ನ್ಯೂಜೆರ್ಸಿಯ ಕಾನೂನೇ ಹಾಗಿತ್ತು. ಗಂಡಸಾಗಲಿ ಹೆಂಗಸಾಗಲಿ, ಆಸ್ತಿ ಇದ್ದವರಿಗೆ ಓಟು. ವಿಧವೆ ಕೆತೂರಾಗೆ ಹೊಲವಿತ್ತು, ಆದ್ದರಿಂದ ಓಟಿತ್ತು. ಟ್ಯೂನಿಸನಿಗೆ ಒಂದು ಮಗ್ಗ ಬಿಟ್ಟರೆ ಏನೂ ಇರಲಿಲ್ಲ. ನಲವತ್ತಮೂರು ತುಂಬಿದರೂ ಒಮ್ಮೆಯೂ ಓಟು ಹಾಕಿದವನಲ್ಲ. ಮದುವೆಯಾದ ಗಳಿಗೆಯಿಂದ ಹೊಲ ಗಂಡನದು. ಹೊಲದ ಹಿಂದೆಯೇ ಓಟೂ ಎದ್ದು, ಹಗ್ಗ ಬಿಚ್ಚಿದ ಹಸುವಿನ ಹಾಗೆ, ಅವನ ಕೊಟ್ಟಿಗೆಗೆ ನಡೆದುಬಿಡುತ್ತಿತ್ತು. ಅಂದು ಅಧ್ಯಕ್ಷರ ಚುನಾವಣೆಯ ಕೊನೆಯ ದಿನ, ಹೊತ್ತು ಮುಳುಗಿದರೆ ಓಟು ಮುಗಿಯಿತು. ಹೋದ ಸಲ ನಮ್ಮೂರಿನಲ್ಲಿ ಫೆಡರಲ್‌ನವರು ಗೆದ್ದದ್ದು ಒಂದೇ ಓಟಿನಿಂದ.

“ಇವಳ ಗಂಡ, ಪುಣ್ಯಾತ್ಮ, ಸಾಯೋವರೆಗೂ ಫೆಡರಲ್. ಇವಳ ಓಟು ನಮ್ಮದು,” ಎಂದ ಕ್ರೇನ್.

“ಟ್ಯೂನಿಸ್ ಎರಡು ತಿಂಗಳಿಂದ ನನ್ನ ಸೇಬಿನ ಹೆಂಡ ಕುಡೀತಿದಾನೆ. ಅವನ ಓಟು ನಮ್ಮದು,” ಎಂದ ಡಾಡ್.

ಕೆತೂರಾ ಇಬ್ಬರನ್ನೂ ನೋಡಿದಳು. “ಒಬ್ಬರಾದ್ರೂ ನಮ್ಮನ್ನ ಕೇಳಿದ್ರೇನ್ರಪ್ಪಾ? ನಾನು ಹಾಕೋದು ರಿಪಬ್ಲಿಕನ್ನರಿಗೆ. ಫೆಡರಲ್ ಫೆಡರಲ್ ಅಂತ ಹತ್ತೊಂಬತ್ತು ವರ್ಷ ಊಟಕ್ಕೆ ಕೂತಾಗಲೂ ಕೇಳಿ ನನ್ನ ಕಿವಿ ತೂತಾಗಿದೆ.”

ಎಲ್ಲರೂ ಟ್ಯೂನಿಸನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡ. “ನಾನು ಫೆಡರಲ್‌ಗೇ. ಸೈಲಸ್, ನಿಮ್ಮೋರು ಬಂದ್ರೆ ಫ್ರಾನ್ಸಿಂದ ತಲೆ ಕತ್ತರಿಸೋ ಯಂತ್ರ ತರಿಸ್ತಾರಂತಲ್ಲ?”

“ಮತ್ತೆ ನನ್ನ ಹೆಂಡ?”

“ಹೆಂಡ ಚೆನ್ನಾಗಿತ್ತು ಮಾರಾಯ. ಪಕ್ಷ ಸರಿಯಿಲ್ಲ.”

ಕ್ರೇನ್ ತಟ್ಟನೆ ಟೋಪಿ ತೆಗೆದು ಎದೆಗೊತ್ತಿಕೊಂಡ. “ಏನು ನೋಡ್ತಾ ನಿಂತ್ರಿ ಪಾದ್ರಿಗಳೇ? ಶುಭಕಾರ್ಯ, ಬೇಗ ಮುಗಿಸಿ!”

ಡಾಡ್ ಹಾರಿ ಪಾದ್ರಿಯ ಪುಸ್ತಕ ಹಿಡಿದುಕೊಂಡ. “ಮುಗಿಸಿದ್ರೆ ನೋಡಿ ಮತ್ತೆ! ಅವಸರದ ಮದುವೆ ದೇವರಿಗೇ ಇಷ್ಟ ಇಲ್ಲ.” ಒಬ್ಬ ಈ ಕಡೆ ಎಳೆದ, ಇನ್ನೊಬ್ಬ ಆ ಕಡೆ. ಪುಸ್ತಕ ಬಿಡದ ಪಾದ್ರಿಯೂ ಅದರ ಜೊತೆಗೇ ಓಲಾಡತೊಡಗಿದರು.

ಈ ಗದ್ದಲದಲ್ಲಿ ಕೆತೂರಾ ತಗ್ಗಿದ ದನಿಯಲ್ಲಿ ಕೇಳಿದಳು: “ಟ್ಯೂನಿಸ್, ನಾನು ಹೋಗಿ ಓಟು ಹಾಕಿ ಬಂದು ‘ಹೂಂ’ ಅಂತೀನಿ. ಸಂಜೆ ಆದ್ರೂ ಮದುವೆ ಮದುವೇನೇ ಅಲ್ವಾ?”

“ನೀನು ಹೋದ ಸಲ ಹಾಕಿದೀಯಲ್ಲ, ಕೆತೂರಾ. ನಂಗೆ ಒಂದೇ ಒಂದು ಸಲ...”

“ಇದಕ್ಕೇನಾ ನನ್ನ ಕೈ ಹಿಡಿದಿದ್ದು?”

“ಛೇ ಛೇ, ಎಂಥ ಮಾತು!” ಎಂದ ಟ್ಯೂನಿಸ್. ಆದರೆ ಅವನು ಅವಳ ಮುಖ ನೋಡಲಿಲ್ಲ. ಕಿಟಕಿಯಾಚೆ ಹೊತ್ತು ಇನ್ನೆಷ್ಟು ಉಳಿದಿದೆ ಎಂದು ನೋಡುತ್ತಿದ್ದ.

ಕೆತೂರಾ ಕೈ ಬಿಡಿಸಿಕೊಂಡಳು. ಬಟ್ಟೆಗೆ ಧೂಳಾಗದಂತೆ ನೆರಿಗೆ ಎತ್ತಿ ಹಿಡಿದು, ಯಾರ ಗಾಡಿಯನ್ನೂ ಹತ್ತದೆ, ಓಟು ನಡೆಯುತ್ತಿದ್ದ ಹೆಂಡದಂಗಡಿಯವರೆಗೂ ನಡೆದೇ ಹೋದಳು. ಪೆಟ್ಟಿಗೆಯ ಹಿಂದೆ ಕೂತಿದ್ದ ಗುಮಾಸ್ತ ಬಂದ ಹೆಂಗಸರಿಗೆಲ್ಲ ಕೇಳುವ ಪ್ರಶ್ನೆಯನ್ನೇ ತಲೆಯೆತ್ತದೆ ಕೇಳಿದ.

“ಗಂಡ ಇದಾನೇನಮ್ಮಾ?”

“ಸ್ವಲ್ಪದ್ರಲ್ಲಿ ತಪ್ತು,” ಎಂದಳು ಕೆತೂರಾ, ಚೀಟಿ ಮುಂದೆ ಚಾಚಿ.