ನೀಲಿ ಹೊಗೆ

"ನೀಲಿ ಕಣಣ್ಣಾ ಅದು! ಕಣ್ಣು ಹೋಗಿದ್ಯಾ ನಿಂಗೆ?" ಹೊನ್ನೇಶ್ ಕಿರುಚಿದ.

"ಲೇ, ಚಳಿಗೆ ಬರೋ ಬಿಳಿ ಹಬೆ ಕಣೋ. ಪಾನಾ ಹಿಡಿಯೋದು ಕಲಿಸಿದೋನಿಗೇ ಹೊಗೆ ತೋರಿಸ್ತೀಯಾ?" ರುದ್ರಮೂರ್ತಿಯೂ ಗುಡುಗಿದ. ಕಡೂರಿನ ಆ ಕಾರು ರಿಪೇರಿ ಶೆಡ್ಡನ್ನು ಇಬ್ಬರೂ ಕೂಡಿ ನಡೆಸುತ್ತಿದ್ದರು. ಹೊಗೆ ನೋಡಿ ಎಂಜಿನ್ನಿನ ಹೊಟ್ಟೆನೋವು ಹೇಳುವುದು ರುದ್ರಮೂರ್ತಿಯ ಪಾಲಿನ ಕೆಲಸ, ಬಿಚ್ಚಿ ಕಟ್ಟುವುದು ಹೊನ್ನೇಶನದು. ಮೊನ್ನೆ ರುದ್ರಮೂರ್ತಿ ಸರಿಯಿದೆ ಎಂದು ಕಳಿಸಿದ್ದ ಕಾರೇ ಇವತ್ತು ದೇವನೂರಿನಿಂದ ವಾಪಸ್ ಬಂದು, ಶೆಡ್ಡಿನ ಮುಂದೆ ಹೊಗೆ ಕಾರುತ್ತಾ ನಿಂತಿತ್ತು.

ಹೊನ್ನೇಶ್ ಒಂದು ಬಿಳಿ ಬಟ್ಟೆಯನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಅದನ್ನು ತಂದು ರುದ್ರಮೂರ್ತಿಯ ಮೂಗಿನ ಹತ್ತಿರ ಒಡ್ಡಿದ. "ಹಬೆಯಾಗಿದ್ರೆ ಬರೀ ನೀರಿರ್ತಿತ್ತು. ನೋಡು, ಒಳಗೆ ಆಯಿಲ್ ಉರೀತಾ ಇದೆ!" ಬಟ್ಟೆಯ ತುಂಬ ಕಪ್ಪು ಎಣ್ಣೆಯ ಚುಕ್ಕೆಗಳಿದ್ದವು. ರುದ್ರಮೂರ್ತಿ ಅವನ್ನು ನೋಡಲಿಲ್ಲ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಉಜ್ಜಿದ. ಬೆರಳಿಗೆ ಜಿಡ್ಡು ಅಂಟಿದ ಮೇಲೆ ತಲೆ ತಗ್ಗಿಸಿದ.

ಕಣ್ಣು ಹೋಗಿದ್ಯಾ ಎಂದು ಸಿಟ್ಟಿನಲ್ಲಿ ಆಡಿದ ಮಾತು ನಿಜವೆಂದು ಹೊನ್ನೇಶನಿಗೆ ಆಗ ಹೊಳೆಯಿತು. "ಯಾವಾಗಿಂದಣ್ಣಾ? ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇಲ್ಲಿ ನನಗೇನು ಕೆಲಸ ಇರ್ತಿತ್ತೋ? ಈಗ ನಿನ್ ಮುಖಾನೂ ನಂಗೆ ಹೊಗೆ ಥರಾನೇ ಕಾಣ್ತದೆ."

"ತಪ್ಪಾಯ್ತಣ್ಣಾ. ಬಾ, ಆಸ್ಪತ್ರೆಗೆ ಹೋಗೋಣ."

ರುದ್ರಮೂರ್ತಿ ಬಟ್ಟೆಯನ್ನು ಮಡಚಿ ಹೊನ್ನೇಶನ ಕೈಯಲ್ಲಿಟ್ಟ. ಒಂದು ಕೈಯಲ್ಲಿ ಗೋಡೆ ಸವರಿಕೊಂಡು, ಆ ನೀಲಿ ಹೊಗೆಯನ್ನು ಹಾದು ರಸ್ತೆಗಿಳಿದ. ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ.