ಸಾಯಿಕುಮಾರನ ಸಾರಿನ ಪುಡಿ

ಸೂಟ್‌ಕೇಸಿನ ಜಿಪ್ ಎಳೆಯುವ ಹೊತ್ತಿಗೆ ಸರಿಯಾಗಿ ರೂಪ, ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಾ, ಅಜ್ಜಿ ಕೊಟ್ಟಿರೋ ಸಾರಿನ ಪುಡಿಗೆ ಗಸಗಸೆ ಹಾಕಿದಾರಾ ಕೇಳು," ಅಂದಳು.

ಕಲಾಳ ಕೈ ಅಲ್ಲೇ ನಿಂತಿತು. ಅವಳನ್ನು ಎರಡು ವರ್ಷದ ಕೆಲಸಕ್ಕೆ ದುಬೈಗೆ ಕಳಿಸುತ್ತಿದ್ದ ಏಜೆಂಟ್, ಅಲ್ಲಿಗೆ ಏನೇನು ತರಬಾರದು ಎಂದು ಆಗಷ್ಟೇ ಕಳಿಸಿದ್ದ ಪಟ್ಟಿಯನ್ನು ಮಗಳು ಒಂದೊಂದಾಗಿ ಓದಿ ಹೇಳುತ್ತಿದ್ದಳು. ಇಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಅಫೀಮಿನ ಲೆಕ್ಕವಂತೆ. ಪುಡಿಯಲ್ಲಿ ಬೆರೆತಿದ್ದರೂ ಅಷ್ಟೇ, ಸಿಕ್ಕಿಬಿದ್ದರೆ ಜೈಲು. ಮಾರಿಕುಪ್ಪಂನಿಂದ ಟ್ರೈನು ಹೊರಡಲು ಮುಕ್ಕಾಲು ಗಂಟೆಯಷ್ಟೇ ಉಳಿದಿತ್ತು. ಆಟೋ ಆಗಲೇ ಬಂದು ಹಳೇ ಚಿನ್ನದ ಗಣಿಯ ಲೈನು ಮನೆಗಳ ತಿರುವಿನಲ್ಲಿ ನಿಂತಿತ್ತು.

ಪುಡಿ ಕೊಟ್ಟ ಪಕ್ಕದ ಮನೆಯ ಮುನಿಶಾಮಮ್ಮ ಬಾಗಿಲ ಬಳಿಯೇ ಕೂತು ಎಲೆ ಅಡಿಕೆ ಅಗಿಯುತ್ತಿದ್ದಳು. ಅವಳ ಮಗ ಸಾಯಿಕುಮಾರ ದುಬೈಯ ಲಾಂಡ್ರಿ ಸೇರಿ ಮೂರು ವರ್ಷ. ಒಂದು ಸಲವೂ ಊರಿಗೆ ಬಂದಿಲ್ಲ. ಅವನಿಗಾಗಿ ಪುಡಿ ತುಂಬಿದ ಹಾಲಿನ ಕವರನ್ನು ಇನ್ನೊಂದು ಹಾಲಿನ ಕವರಿನೊಳಗೆ ಇಟ್ಟು, ಮೇಲೆ ದಾರ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಬಂದು ಕೊಟ್ಟಿದ್ದಳು.

"ಗಸಗಸೆನಾ? ಆಕಿಲ್ಲಮ್ಮ."

"ನೀನು ಯಾವಾಗ್ಲೂ ಹಾಕ್ತೀಯಲ್ಲಕ್ಕ."

"ಈ ಸಲ ಆಕಿಲ್ಲ. ಮಾರಮ್ಮನಾಣೆ."

ಮಾರಮ್ಮನ ಆಣೆ ಮುನಿಶಾಮಮ್ಮನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವಂಥದ್ದು. ನಲ್ಲಿ ಮುಂದೆ ಮೊದಲ ಕೊಡ ತನ್ನದೇ ಎನ್ನಲಿಕ್ಕೂ ಅದೇ ಆಣೆ, ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಆಯ್ತು ಎನ್ನಲಿಕ್ಕೂ ಅದೇ. ಕಲಾ ಪೊಟ್ಟಣ ತೆಗೆದು ಮೂಗಿಗೆ ಹಿಡಿದಳು. ಧನಿಯಾ, ಚೆಕ್ಕೆ, ಲವಂಗ, ಹುರಿದ ಮೆಣಸಿನಕಾಯಿ. ಅದರಾಚೆಗೆ ಇನ್ನೇನಿದೆಯೋ ಮೂಗಿಗೆ ಹತ್ತಲಿಲ್ಲ.

"ಬೇಜಾರು ಮಾಡ್ಕೋಬೇಡಕ್ಕ. ಇದನ್ನ ಇಲ್ಲೇ ಬಿಟ್ಟೋಗ್ತೀನಿ. ಸಾಯಿಗೆ ಅಲ್ಲೇ ನಾನೇ ಏನಾದ್ರೂ ಮಾಡಿಕೊಡ್ತೀನಿ."

"ಬಿಟ್ಟೋಗು, ಬಿಟ್ಟೋಗು." ಮುನಿಶಾಮಮ್ಮ ಕೂತಲ್ಲಿಂದಲೇ ಎಲೆ ರಸ ಹೊರಗೆ ಉಗಿದಳು. "ಎರಡು ವರ್ಸ ನಿನ್ ಮಗಳ್ನ ನಾನು ನೋಡ್ಕಬೇಕು. ಅನ್ನ ಆಕ್ಬೇಕು, ಕಾಲೇಜಿಂದ ಬರೋಗಂಟ ದಾರಿ ಕಾಯ್ತಾ ಕೂರ್ಬೇಕು. ನನ್ ಮಗನ್ಗೆ ಒಂದು ಪೊಟ್ಟಣ ಒತ್ಕೊಂಡು ಓಗಕ್ಕೆ ನಿನ್ಗೆ ಬಾರ. ನಾನೇನು ಇಲಿ ಪಾಸಾಣ ಕಳಿಸ್ತಿದೀನಾ ನನ್ ಮಗನ್ಗೆ?"

ಕಲಾ ಪೊಟ್ಟಣವನ್ನು ಸೂಟ್‌ಕೇಸಿನ ಪಕ್ಕ ನೆಲಕ್ಕಿಟ್ಟಳು. ಗಂಡ ಸೆಲ್ವರಾಜ್ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವಳು ಕೋಳಿ ಕೂಗುವ ಮೊದಲೇ ಟ್ರೈನು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಓಡಾಡಿದ್ದಳು. ಅಷ್ಟೂ ವರ್ಷ ರೂಪಳ ಜಡೆ ಹೆಣೆದದ್ದು ಇದೇ ಮುನಿಶಾಮಮ್ಮ. ಅವಳೇ ಈಗ ಮುಖಕ್ಕೆ ಮುಖ ಕೊಡದೆ ಮಾತಾಡುತ್ತಿದ್ದಾಳೆ. ಮಗನ ಬಾಯಿ ರುಚಿಗೆ ನನ್ನನ್ನು ಜೈಲಿಗೆ ಕಳಿಸುವುದಕ್ಕೂ ತಯಾರಾದವಳ ಕೈಯಲ್ಲಿ ಹೆಣ್ಣುಮಗಳನ್ನು ಹೇಗೆ ಬಿಡಲಿ? ಮುನಿಶಾಮಮ್ಮನಿಗೆಂದೇ ಸೆರಗಿಗೆ ಕಟ್ಟಿಕೊಂಡಿದ್ದ ಮನೆಯ ಬೀಗದ ಕೈಯನ್ನು ಕಲಾ ಒಮ್ಮೆ ತಡವಿಕೊಂಡಳು. ಗಂಟು ಬಿಚ್ಚಲಿಲ್ಲ.

"ರೂಪ, ನಿನ್ನ ಬಟ್ಟೇನೂ ತುಂಬ್ಕೊ. ನನ್ನ ಕಳಿಸಿಕೊಡೋಕೆ ಬಂಗಾರಪೇಟೆ ಸ್ಟೇಷನ್ನಿಗೆ ಶ್ಯಾಮಲಾ ಚಿಕ್ಕಮ್ಮ ಬರ್ತಾಳೆ. ಅವಳ ಜೊತೆ ಇಳ್ಕೊ."

"ಕಾಲೇಜು?"

"ಟ್ರೈನಲ್ಲಿ ಬಂದೋಗು. ನಾನು ಓಡಾಡಲಿಲ್ವಾ?"

"ಅವರಿರೋದೇ ಒಂದು ರೂಮಲ್ಲಿ ಐದು ಜನ. ನನ್ನ ಎಲ್ಲಿ, ಅಟ್ಟದ ಮೇಲೆ ಇಡ್ತಾರಾ?" ರೂಪ ಕೂತಲ್ಲಿಂದ ಏಳಲಿಲ್ಲ.

ಮುನಿಶಾಮಮ್ಮನ ದವಡೆ ನಿಂತಿತು. "ನಮ್ ಪಾಪು ಎಲ್ಲಿಗೂ ಓಗಲ್ಲ. ಸುಮ್ನೆ ಪುಡಿ ಒಳಗಿಡು ಕಲಾ. ಇಲ್ಲ ಅಂದ್ರೆ ಇಲ್ಲ."

"ಹಂಗಾದ್ರೆ ಇವಳ ತಲೆ ಮುಟ್ಟಿ ಹೇಳು."

"ಏನಂತ?"

"ಗಸಗಸೆ ಇಲ್ಲ ಅಂತ. ಮಾರಮ್ಮನ್ನ ಬಿಟ್ಬಿಡು. ಇವಳ ತಲೆ ಮುಟ್ಟಿ ಹೇಳಿದ್ರೆ ಬಾಯಿ ಮುಚ್ಕೊಂಡು ಹೊತ್ಕೊಂಡು ಹೋಗ್ತೀನಿ."

ತಿರುವಿನಲ್ಲಿ ಆಟೋ ಎರಡು ಸಲ ಹಾರ್ನ್ ಹೊಡೆಯಿತು. ಮುನಿಶಾಮಮ್ಮ ಮಂಡಿಗೆ ಕೈ ಊರಿ ಎದ್ದು ಒಳಗೆ ಬಂದಳು. ರೂಪ ನೆಲದ ಮೇಲೆ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡ ಕೂದಲು ಇನ್ನೂ ಆರಿರಲಿಲ್ಲ. ಉಗುರಿನ ಸಂದಿಯಲ್ಲಿ ಅರಿಶಿನ ಹತ್ತಿದ್ದ ಮುನಿಶಾಮಮ್ಮನ ಕೈ ಮೇಲೆದ್ದು ಬೈತಲೆಯ ಕಡೆಗೆ ಇಳಿಯಿತು. ನಾಲ್ಕು ಬೆರಳಷ್ಟು ಮೇಲೆಯೇ ನಿಂತುಬಿಟ್ಟಿತು. ರೂಪ ಕಣ್ಣು ಮುಚ್ಚಿದಳು. ಕೈ ಹಿಂದಕ್ಕೆ ಹೋಗಿ, ಏನೋ ಅಂಟಿದೆಯೇನೋ ಎಂಬಂತೆ, ಸೀರೆಗೆ ಒರೆಸಿಕೊಂಡಿತು.

"ಒಂದು ಚಮಚ," ಅಂದಳು ಮುನಿಶಾಮಮ್ಮ, ಗೋಡೆ ನೋಡಿಕೊಂಡು. "ಒಂದೇ ಒಂದು. ಅದಿಲ್ದಿದ್ರೆ ಅವನು ಸಾರೇ ಮುಟ್ಟಲ್ಲ ಕಣೆ."

ಅವಳೇ ಬಗ್ಗಿ ಪೊಟ್ಟಣ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ತಿರುಗಿದಳು. ಕಲಾ ಸೆರಗಿನ ಗಂಟು ಬಿಚ್ಚುತ್ತಾ ಅವಳ ದಾರಿಗೆ ಅಡ್ಡ ಬಂದು ನಿಂತಳು. ಆ ಕೈ ಹಿಡಿದು, ಪೊಟ್ಟಣದ ಮೇಲೆ ಮನೆಯ ಬೀಗದ ಕೈ ಇಟ್ಟಳು.

"ರಾತ್ರಿ ಇದ್ರಲ್ಲೇ ಸಾರು ಮಾಡ್ಹಾಕಕ್ಕ ಅವಳಿಗೆ," ಅಂದಳು. "ಖಾರ ಒಂಚೂರು ಕಮ್ಮಿ ತಿಂತಾಳೆ."